ಗಜೇಂದ್ರಗಡದ ಮನೆತನ, ಸರ್ವೋಚ್ಚ ಪೀಠ ಮತ್ತು ನಮ್ಮ ಬಸದಿಗಳು

ನಮ್ಮ ಸೀಮೆಯ ಅಡ್ಡಹೆಸರುಗಳನ್ನು ಲಕ್ಷ್ಯಗೊಟ್ಟು ಓದಿದರೆ ಅವು ವಲಸೆಯ ದಾಖಲೆಗಳೇ ಆಗಿರುವುದು ಕಂಡುಬರುತ್ತದೆ. ಊರಲ್ಲಿಯೇ ಉಳಿದವನಿಗೆ ಊರಿನ ಹೆಸರು ಬೇಕಾಗುವುದಿಲ್ಲ. ಊರು ಬಿಟ್ಟು ಹೋದವನಿಗೆ ಅದು ಅಂಟಿಕೊಳ್ಳುತ್ತದೆ. ಅವನು ಕೃಷ್ಣಾ ನದಿಯನ್ನು ದಾಟಿ ಮರಾಠಿ ನಾಡಿಗೆ ಹೋದನೆಂದರೆ ಆ ಹೆಸರಿನ ಕೊನೆಗೆ ‘ಕರ’ ಎಂಬುದೊಂದು ಸೇರಿಕೊಳ್ಳುತ್ತದೆ. ಕುಂದಗೋಳದ ರಾಮಚಂದ್ರರು ಮಹಾರಾಷ್ಟ್ರದಲ್ಲಿ ರಾಮಭಾವು ಕುಂದಗೋಳಕರರಾಗಿ, ಮುಂದೆ ಸವಾಯಿ ಗಂಧರ್ವರೆಂದು ಲೋಕಪ್ರಸಿದ್ಧರಾದುದನ್ನು ಸಂಗೀತಪ್ರಿಯರಾದ ವಾಚಕರು ಬಲ್ಲರು. ಅಂಥದೇ ಇನ್ನೊಂದು ಹೆಸರು ನ್ಯಾಯಾಂಗದ ಇತಿಹಾಸದಲ್ಲಿದೆ. ಅದು ನಮ್ಮ ಬಸದಿಗಳ ಹಕ್ಕುಬಾಧ್ಯತೆಗಳೊಡನೆ ಹತ್ತಿರದ ಸಂಬಂಧವುಳ್ಳದ್ದಾದರೂ ನಮ್ಮ ಸಮಾಜದಲ್ಲಿ ಅದರ ಸ್ಮರಣೆ ಅರ್ಧದಷ್ಟು ಮಾತ್ರ ಉಳಿದಿದೆ. ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪ್ರಲ್ಹಾದ ಬಾಲಾಚಾರ್ಯ ಗಜೇಂದ್ರಗಡಕರ ಅವರದು ಆ ಹೆಸರು.

ಗಜೇಂದ್ರಗಡವು ಹಳೆಯ ಧಾರವಾಡ ಜಿಲ್ಲೆಯ ರೋಣ ತಾಲೂಕಿನ ಊರು. 1997ರಲ್ಲಿ ಗದಗ ಜಿಲ್ಲೆ ಬೇರೆಯಾದಂದಿನಿಂದ ಅತ್ತ ಸೇರಿದೆ. ಅಲ್ಲಿಂದ ಹೊರಟ ಒಂದು ಮಾಧ್ವ ಪಂಡಿತ ಮನೆತನವು ಕೆಲವು ತಲೆಮಾರುಗಳ ಹಿಂದೆ ಸಾತಾರೆಯಲ್ಲಿ ನೆಲೆನಿಂತಿತು. ಸಂಸ್ಕೃತ ವಿದ್ಯೆಯೇ ಅವರ ಆಸ್ತಿ. ತಂದೆ ಬಾಲಾಚಾರ್ಯರು ವಿದ್ವಾಂಸರು. ಅಣ್ಣ ಅಶ್ವತ್ಥಾಮಾಚಾರ್ಯರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿ ಹೆಸರು ಪಡೆದವರು. ಪ್ರಲ್ಹಾದರು 1901ರ ಮಾರ್ಚ್ 16ರಂದು ಸಾತಾರೆಯಲ್ಲಿ ಜನಿಸಿದರು. ಅಲ್ಲಿಯ ಹೈಸ್ಕೂಲಿನಲ್ಲಿ ಓದು ಮುಗಿಸಿದ ಹುಡುಗ ಮುಂದಿನ ವಿದ್ಯಾಭ್ಯಾಸಕ್ಕೆಂದು ಪೂರ್ವಿಕರ ಜಿಲ್ಲೆಗೇ ಬಂದದ್ದು ಒಂದು ವಿಶೇಷ. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಮರುವರ್ಷವೇ, ಎಂದರೆ 1918ರಲ್ಲಿ, ಅವರು ಅಲ್ಲಿ ಸೇರಿ 1920ರ ವರೆಗೆ ಓದಿದರು. ಆ ಬಳಿಕ ಪುಣೆಯ ಡೆಕ್ಕನ್ ಕಾಲೇಜು, ಸಂಸ್ಕೃತಕ್ಕಾಗಿ ವಿದ್ಯಾರ್ಥಿವೇತನ, ವೇದಾಂತಕ್ಕಾಗಿ ಪಾರಿತೋಷಕ, 1924ರಲ್ಲಿ ಎಂ.ಎ., 1926ರಲ್ಲಿ ಪುಣೆಯ ಲಾ ಕಾಲೇಜಿನಿಂದ ಕಾನೂನು ಪದವಿ. ಅದೇ ವರ್ಷ ಮುಂಬಯಿ ಹೈಕೋರ್ಟಿನ ಅಪೀಲು ವಿಭಾಗದಲ್ಲಿ ವಕೀಲಿ ಆರಂಭಿಸಿದರು.

ಈ ‘ಅಪೀಲು ವಿಭಾಗ’ ಎಂಬ ಮಾತನ್ನು ಇಂದಿನ ತರುಣರಿಗೆ ತುಸು ಬಿಡಿಸಿ ಹೇಳಬೇಕಾಗುತ್ತದೆ. 1956ರ ನವೆಂಬರ್ 1ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳಿಗೆ ಹೈಕೋರ್ಟು ಎಂದರೆ ಮುಂಬಯಿಯೇ. ಆ ಹೈಕೋರ್ಟಿನಲ್ಲಿ ಎರಡು ವಿಭಾಗಗಳು. ಮುಂಬಯಿ ನಗರದ ದೊಡ್ಡ ವ್ಯಾಜ್ಯಗಳನ್ನು ಮೊದಲಿನಿಂದಲೇ ವಿಚಾರಿಸುವುದು ಮೂಲ ವಿಭಾಗ. ಅಲ್ಲಿ ಬ್ಯಾರಿಸ್ಟರರ ವೈಭವ, ಸಾಲಿಸಿಟರರ ಠೀವಿ. ಜಿಲ್ಲೆಗಳಿಂದ ಬರುವ ಅಪೀಲುಗಳನ್ನು ಕೇಳುವುದು ಅಪೀಲು ವಿಭಾಗ. ನವಲಗುಂದ ಸೀಮೆಯ ಎರೆಹೊಲದ ಬದುವಿನ ತಂಟೆ, ಕಲಘಟಗಿಯ ಗದ್ದೆಯ ಗೇಣಿಯ ತಕರಾರು, ಅಣ್ಣಿಗೇರಿಯ ಹತ್ತಿ ದಲಾಲಿಯ ಲೆಕ್ಕ, ವಿಧವೆ ಮಾಡಿಕೊಂಡ ದತ್ತಕವು ಸಿಂಧುವೋ ಅಸಿಂಧುವೋ ಎಂಬ ಪ್ರಶ್ನೆ, ವತನದ ಜಮೀನಿನ ಪಾಲು ಎಂಬಿವೆಲ್ಲ ಮೊದಲು ಸಬ್‌ಜಡ್ಜರ ಕೋರ್ಟಿನಲ್ಲಿ, ಅನಂತರ ಧಾರವಾಡದ ಜಿಲ್ಲಾ ಕೋರ್ಟಿನಲ್ಲಿ, ಅಲ್ಲಿಯೂ ಸಮಾಧಾನವಾಗದಿದ್ದರೆ ಎರಡನೆಯ ಅಪೀಲಾಗಿ ಮುಂಬಯಿಯಲ್ಲಿ ವಿಚಾರಣೆಗೆ ಬರುತ್ತಿದ್ದವು. ಸಣ್ಣ ಗಾಡಿಯಲ್ಲಿ ಹುಬ್ಬಳ್ಳಿ, ಲೋಂಡಾ, ಮಿರಜ ದಾಟಿ, ಪುಣೆಯಲ್ಲಿ ದೊಡ್ಡ ಗಾಡಿ ಹಿಡಿದು ಹೋಗುವ ಹತ್ತಿ ವ್ಯಾಪಾರಿಗಳ ಜತೆಗೆ ಕಕ್ಷಿದಾರರೂ ಕಾಗದಪತ್ರಗಳ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು.

ಅಪೀಲು ಎಂಬ ಕಲ್ಪನೆ ಇಂಗ್ಲಿಷರು ತಂದದ್ದೆಂದು ಭಾವಿಸುವವರುಂಟು. ಕೆಳಗೆ ಕೆಟ್ಟುದನ್ನು ಮೇಲಿನವರು ಸರಿಪಡಿಸಬೇಕೆಂಬ ಅಪೇಕ್ಷೆ ಈ ನೆಲದಲ್ಲಿ ಬಹಳ ಹಳೆಯದು. ಗಂಗರ ಬೂತುಗನ ಕಾಲದಲ್ಲಿ ಅಣ್ಣಿಗೇರಿಯಲ್ಲಿ ನಿರ್ಮಾಣವಾದ ಗಂಗ-ಪೆರ್ಮಾಡಿ ಜಿನಾಲಯವು ಚೋಳರ ದಾಳಿಯಲ್ಲಿ ಬೆಂಕಿಗೆ ಆಹುತಿಯಾಗಿ, ಅದರ ದತ್ತಿಯೂ ನಷ್ಟವಾಗಿದ್ದಾಗ, ಎರಡನೆಯ ಸೋಮೇಶ್ವರನ ಅಧಿಕಾರಿ ಲಕ್ಷ್ಮರಸನು 1071-72ರಲ್ಲಿ ಅದನ್ನು ಮತ್ತೆ ಊರ್ಜಿತಗೊಳಿಸಿದನೆಂದು ಗಾವರವಾಡದ ಶಾಸನವು ತಿಳಿಸುತ್ತದೆ. ಆದರೆ ಅರಸನ ಪುನರ್ದತ್ತಿಗೂ ಅಪೀಲು ನ್ಯಾಯಾಧೀಶನ ತೀರ್ಪಿಗೂ ಒಂದು ದೊಡ್ಡ ಅಂತರವಿದೆ. ಅಪೀಲು ನ್ಯಾಯಾಧೀಶನು ಸಾಕ್ಷಿಯ ಮುಖವನ್ನು ನೋಡುವುದಿಲ್ಲ, ಹೊಲವನ್ನು ನೋಡುವುದಿಲ್ಲ, ಬಸದಿಯ ಬಾಗಿಲನ್ನೂ ನೋಡುವುದಿಲ್ಲ. ಅವನ ಎದುರಿಗಿರುವುದು ಕಾಗದ ಮಾತ್ರ. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ, ಅವನು ಅಂಗಡಿಯಲ್ಲಿ ತಕ್ಕಡಿ ಹಿಡಿದವನಲ್ಲ. ಕಿರ್ದಿ-ಖತಾವಣಿಗಳನ್ನು ತಾಳೆ ನೋಡುವ ಲೆಕ್ಕ ತಪಾಸಿಗ. ಬರೆದದ್ದರಲ್ಲಿ ತಪ್ಪಿದ್ದರೆ ಹಿಡಿಯಬಲ್ಲ. ಬರೆಯದೆ ಬಿಟ್ಟದ್ದು ಅವನ ಕೈಗೆ ಸಿಗುವುದಿಲ್ಲ. ಗಜೇಂದ್ರಗಡಕರರ ತೀರ್ಪುಗಳನ್ನು ಓದುವಾಗ ಈ ಸಂಗತಿಯನ್ನು ನಾವು ಮರೆಯಬಾರದು.

ವಕೀಲಿಯ ಜತೆಗೆ ಅವರ ಶಾಸ್ತ್ರಾಭ್ಯಾಸವೂ ಸಾಗಿತ್ತು. ಹಿಂದೂ ಕಾನೂನಿಗೆ ಮೀಸಲಾದ ತ್ರೈಮಾಸಿಕವೊಂದನ್ನು ಸಂಪಾದಿಸಿದರು. ನಂದಪಂಡಿತನ ‘ದತ್ತಕಮೀಮಾಂಸಾ’ ಗ್ರಂಥದ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದರು. ದತ್ತಕದ ಮಾತು ಬಂದಾಗ ಜೈನ ಮನೆತನಗಳ ಕಿವಿ ನಿಮಿರುವುದು ಸಹಜ. ಸಂತಾನವಿಲ್ಲದ ಜೈನ ವಿಧವೆಯು ಪತಿಯ ಅನುಮತಿಯಿಲ್ಲದೆ ದತ್ತಕ ಸ್ವೀಕರಿಸಬಹುದೆಂಬ ರೂಢಿಯನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1878ರಷ್ಟು ಹಿಂದೆಯೇ ಮಾನ್ಯ ಮಾಡಿತ್ತು. ಆದರೆ ವಿಶೇಷ ರೂಢಿಯನ್ನು ಸಿದ್ಧಪಡಿಸದಿದ್ದರೆ ಜೈನರಿಗೂ ಹಿಂದೂ ಕಾನೂನೇ ಅನ್ವಯಿಸುವುದೆಂಬ ನಿಲುವೂ ಬಳಿಕ ಅಲ್ಲಿಂದಲೇ ಬಂದಿತು. 1927ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂದ ಗಟ್ಟೆಪ್ಪ ವಿರುದ್ಧ ಈರಮ್ಮ ಎಂಬ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು, ಜೈನರು ಹಿಂದೂ ಧರ್ಮದಿಂದ ಒಡೆದು ಹೋದವರಲ್ಲ, ಅವರದು ಪ್ರಾಚೀನವಾದ ಸ್ವತಂತ್ರ ಧರ್ಮ ಎಂದು ಆಧುನಿಕ ಸಂಶೋಧನೆ ತೋರಿಸಿದೆಯೆಂದು ಬರೆದರು. ಧರ್ಮದಲ್ಲಿ ಬೇರೆ, ಕಾನೂನಿನಲ್ಲಿ ಒಂದು: ಇಂಥ ಇಕ್ಕಟ್ಟಿನ ಸ್ಥಿತಿ ಆಗಲೇ ಏರ್ಪಟ್ಟಿತ್ತು.

1945ರ ಮಾರ್ಚ್ 6ರಂದು ಗಜೇಂದ್ರಗಡಕರರು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. ಆರು ವರ್ಷಗಳ ಅನಂತರ ಆ ಇಕ್ಕಟ್ಟೇ ಅವರ ಎದುರಿಗೆ ಬಂದು ನಿಂತಿತು.

ಮುಂಬಯಿ ಸರ್ಕಾರವು 1947ರಲ್ಲಿ ಹರಿಜನ ದೇವಾಲಯ ಪ್ರವೇಶ ಕಾಯಿದೆಯನ್ನು ಮಾಡಿತು. ಶತಮಾನಗಳ ಅನ್ಯಾಯವನ್ನು ತೊಡೆಯುವ ಸದುದ್ದೇಶದ ಕಾಯಿದೆ ಅದು. ಅದರಲ್ಲಿ ‘ಹಿಂದೂ’ ಪದದ ವ್ಯಾಖ್ಯೆಯೊಳಗೆ ಜೈನರನ್ನೂ ಸೇರಿಸಲಾಗಿತ್ತು. ಇದರಿಂದ ಜೈನ ಧರ್ಮದ ಸ್ವಾತಂತ್ರ್ಯಕ್ಕೆ ಬಾಧೆಯೆಂದು ಭಾವಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ಧಾನ್ಯಾಹಾರವನ್ನು ತ್ಯಜಿಸಿದರು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆ ಮಹಾತಪಸ್ವಿಗಳು ಮೂರು ವರ್ಷಗಳಷ್ಟು ದೀರ್ಘಕಾಲ ಆ ವ್ರತವನ್ನು ಪಾಲಿಸಿದರು. ದಕ್ಷಿಣದ ಶ್ರಾವಕರಲ್ಲಿ ಅದರಿಂದ ಉಂಟಾದ ತಳಮಳವನ್ನು ಹಿರಿಯರ ಬಾಯಿಂದ ನಮ್ಮಲ್ಲಿ ಅನೇಕರು ಕೇಳಿಯೇ ಇದ್ದೇವೆ. ಸೊಲ್ಲಾಪುರ ಜಿಲ್ಲೆಯ ಅಕಲೂಜದ ದಿಗಂಬರ ಮಂದಿರದ ಪ್ರಕರಣವು ಹೈಕೋರ್ಟಿಗೆ ಹೋಯಿತು. 1951ರಲ್ಲಿ ಮುಖ್ಯ ನ್ಯಾಯಮೂರ್ತಿ ಚಾಗ್ಲಾ ಮತ್ತು ನ್ಯಾಯಮೂರ್ತಿ ಗಜೇಂದ್ರಗಡಕರ ಅವರ ಪೀಠವು ಆ ಕಾಯಿದೆ ಜೈನ ಮಂದಿರಗಳಿಗೆ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಆಚಾರ್ಯಶ್ರೀಯವರು ವ್ರತವನ್ನು ಸಮಾಪ್ತಿಗೊಳಿಸಿದರು. ಒಬ್ಬ ಇಸ್ಮಾಯಿಲಿ ಮುಸಲ್ಮಾನ ಮನೆತನದವರು, ಇನ್ನೊಬ್ಬರು ಮಾಧ್ವ ಪಂಡಿತರ ಮಗ. ಇವರಿಬ್ಬರೂ ಕುಳಿತು ಜೈನ ಧರ್ಮವು ಪ್ರತ್ಯೇಕವೆಂಬುದನ್ನು ಎತ್ತಿಹಿಡಿದರು.

ನಮ್ಮ ಸಭೆ ಸಮಾರಂಭಗಳಲ್ಲಿ ಈ ತೀರ್ಪನ್ನು ಉಲ್ಲೇಖಿಸುವುದು ವಾಡಿಕೆಯಾಗಿದೆ. ಆದರೆ ಅದರ ತರ್ಕವನ್ನು ಬಿಡಿಸಿ ನೋಡುವವರು ಕಡಿಮೆ. ಪೀಠವು ಹೇಳಿದ್ದರ ಸಾರ ಇಷ್ಟೇ: ಕಾಯಿದೆಯು ದಲಿತರಿಗೆ ಕೊಟ್ಟದ್ದು ಇತರ ಹಿಂದೂಗಳಿಗೆ ಇರುವಷ್ಟೇ ಹಕ್ಕನ್ನು. ಜೈನ ಮಂದಿರದಲ್ಲಿ ಇತರ ಹಿಂದೂಗಳಿಗೇ ಹಕ್ಕಿನಿಂದ ಪ್ರವೇಶವಿಲ್ಲದಿರುವಾಗ ಆ ಕಾಯಿದೆಯ ಬಲದಿಂದ ಅದು ಯಾರಿಗೂ ಹೊಸದಾಗಿ ಹುಟ್ಟುವುದಿಲ್ಲ. ವ್ಯಾಖ್ಯೆಯಲ್ಲಿ ಜೈನರನ್ನು ಸೇರಿಸಿದ ಮಾತ್ರಕ್ಕೆ ಜೈನ ಮಂದಿರವು ಹಿಂದೂ ಮಂದಿರವಾಗುವುದಿಲ್ಲ. ಇದು ಒಂದು ಕಾಯಿದೆಯ ಶಬ್ದಗಳ ಅರ್ಥನಿರ್ಣಯ. ಬಸದಿಯೊಳಗೆ ದಲಿತರನ್ನು ಬಿಡಬಾರದೆಂದು ಜಿನಾಗಮ ಹೇಳುತ್ತದೆಯೆಂದು ಆ ನ್ಯಾಯಮೂರ್ತಿಗಳು ಬರೆಯಲಿಲ್ಲ. ಹಾಗೆ ಬರೆಯುವ ಅಧಿಕಾರವೂ ಅವರಿಗಿರಲಿಲ್ಲ. ನಾವು ಮಾತ್ರ ಆ ತೀರ್ಪಿನಿಂದ ‘ಸ್ವತಂತ್ರ ಧರ್ಮ’ ಎಂಬ ಅರ್ಧವನ್ನು ವೇದಿಕೆಗೆ ಒಯ್ದು, ‘ಬಾಗಿಲು ನಮ್ಮದು’ ಎಂಬ ಇನ್ನರ್ಧವನ್ನು ಮೌನವಾಗಿ ಬೀಗಕ್ಕೆ ಒಯ್ದೆವು ಎಂದು ಹೇಳಿದರೆ ಬೇಸರಿಸಬಾರದು.

ಅದೇ ವರ್ಷ ಈ ಇಬ್ಬರದೇ ಪೀಠವು ನರಸು ಅಪ್ಪಾ ಮಾಳಿ ಮೊಕದ್ದಮೆಯಲ್ಲಿ ದ್ವಿಪತ್ನೀತ್ವವನ್ನು ನಿಷೇಧಿಸಿದ ಮುಂಬಯಿ ಕಾಯಿದೆಯನ್ನು ಎತ್ತಿಹಿಡಿಯಿತು. ಹಿಂದೂ ಸಂಹಿತೆಯ ಮಸೂದೆಯ ಮೇಲೆ ದೇಶದಲ್ಲೆಲ್ಲ ವಾಗ್ವಾದ ನಡೆದಿದ್ದ ಕಾಲವದು. ಸಂಪ್ರದಾಯಸ್ಥ ಪಂಡಿತ ಮನೆತನದಲ್ಲಿ ಬೆಳೆದ ಗಜೇಂದ್ರಗಡಕರರು ಸುಧಾರಣೆಯ ಪಕ್ಷದವರಾಗಿದ್ದರು. ಶಾಸ್ತ್ರವನ್ನು ಬಲ್ಲವರಾದುದರಿಂದಲೇ ಅದಕ್ಕೆ ಹೆದರದೆ ಇದ್ದರೆಂದು ನನ್ನ ಗ್ರಹಿಕೆ.

1955ರಲ್ಲಿ ಬ್ಯಾಂಕ್ ನೌಕರರ ವೇತನ ವಿವಾದವನ್ನು ಬಗೆಹರಿಸುವ ಆಯೋಗದ ಅಧ್ಯಕ್ಷತೆ ಅವರಿಗೆ ಬಂದಿತು. ಇದೇ ವಿವಾದದ ಸಂಬಂಧವಾಗಿ ಕೇಂದ್ರದ ಕಾರ್ಮಿಕ ಮಂತ್ರಿ ವಿ.ವಿ. ಗಿರಿಯವರು 1954ರಲ್ಲಿ ರಾಜೀನಾಮೆಯನ್ನೇ ಇತ್ತಿದ್ದರು. 1956ರ ಜನವರಿಯಲ್ಲಿ ಗಜೇಂದ್ರಗಡಕರರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷದ ನವೆಂಬರದಲ್ಲಿ ನಮ್ಮ ಜಿಲ್ಲೆಯ ಅಪೀಲುಗಳು ಮುಂಬಯಿಯನ್ನು ಬಿಟ್ಟು ಬೆಂಗಳೂರಿಗೆ ಹೋಗತೊಡಗಿದವು. ದಿಲ್ಲಿಯಲ್ಲಿ ಕಾರ್ಮಿಕ ಕಾನೂನಿನ ನೂರಾರು ಅಪೀಲುಗಳು ಅವರ ಕೈಯಲ್ಲಿ ಹಾದುಹೋದವು. ಅವುಗಳನ್ನು ಇಲ್ಲಿ ಎಣಿಸುತ್ತ ಕೂರುವುದು ಬೇಡ.

ಕನ್ನಡಿಗರು ಮರೆಯಲಾಗದ್ದು ಮೈಸೂರು ಸರ್ಕಾರದ ವಿರುದ್ಧ ಬಾಲಾಜಿ ಎಂಬ ಮೊಕದ್ದಮೆ. 1962ರ ಜುಲೈ 31ರ ಆಜ್ಞೆಯಿಂದ ನಮ್ಮ ರಾಜ್ಯ ಸರ್ಕಾರವು ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇಕಡಾ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಹೀಗೆ ಒಟ್ಟು 68 ಸ್ಥಾನಗಳನ್ನು ಕಾಯ್ದಿರಿಸಿತ್ತು. ಎರಡು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ ಕೊನೆಯಲ್ಲಿ, ಗಜೇಂದ್ರಗಡಕರರು ಬರೆದ ತೀರ್ಪು ಅದನ್ನು ರದ್ದುಗೊಳಿಸಿತು. ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಗೋಲಾಗಬಾರದು, ಬಡತನ, ಕಸುಬು, ವಾಸಸ್ಥಳಗಳನ್ನೂ ನೋಡಬೇಕು. ಮೀಸಲಾತಿಯು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕು ಎಂಬುದು ಅದರ ತಾತ್ಪರ್ಯ. 1992ರಲ್ಲಿ ಮಂಡಲ ಪ್ರಕರಣದ ಒಂಬತ್ತು ನ್ಯಾಯಾಧೀಶರ ಪೀಠವು ಶೇಕಡಾ 50ರ ಮಿತಿಯನ್ನು ಖಚಿತಪಡಿಸಿತು. ಆ ಸಂಖ್ಯೆಯ ಸರಿತಪ್ಪುಗಳ ಬಗ್ಗೆ ಭಿನ್ನಾಭಿಪ್ರಾಯ ಬಹಳ. ಅದರ ಮೂಲವು ಒಂದು ಕರ್ನಾಟಕದ ಮೊಕದ್ದಮೆಯಲ್ಲಿದೆ ಎಂಬುದು ಮಾತ್ರ ನಿರ್ವಿವಾದ.

1964ರ ಫೆಬ್ರವರಿ 1ರಂದು ಅವರು ಮುಖ್ಯ ನ್ಯಾಯಮೂರ್ತಿಗಳಾದರು. ಆ ವರ್ಷ ಗೋರಖಪುರದ ಕೇಶವಸಿಂಗನೆಂಬವನನ್ನು ಉತ್ತರ ಪ್ರದೇಶದ ವಿಧಾನಸಭೆಯು ಅವಮಾನದ ಅಪರಾಧಕ್ಕಾಗಿ ಸೆರೆಗೆ ಹಾಕಿತು. ಹೈಕೋರ್ಟಿನ ಇಬ್ಬರು ನ್ಯಾಯಾಧೀಶರು ಅವನಿಗೆ ಜಾಮೀನು ಕೊಟ್ಟರು. ಸಭೆಯು ಆ ನ್ಯಾಯಾಧೀಶರನ್ನೇ ಹಿಡಿದು ತರಬೇಕೆಂದು ಠರಾವು ಮಾಡಿತು! ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ, ಬಹುಮತದ ಪರವಾಗಿ ಬರೆದ ಗಜೇಂದ್ರಗಡಕರರು ನ್ಯಾಯಾಧೀಶರು ಯಾವ ಅವಮಾನವನ್ನೂ ಎಸಗಿಲ್ಲವೆಂದು 1964ರ ಸೆಪ್ಟೆಂಬರ್ 30ರಂದು ತಿಳಿಸಿದರು. ಶಾಸನಸಭೆಯೇ ಆಗಲಿ, ಸಂವಿಧಾನದ ಮೇಲಲ್ಲವೆಂಬುದು ಅಲ್ಲಿಯ ನಿಲುವು.

ಇನ್ನು ಧರ್ಮದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಇದರ ಪರಿಣಾಮ ನಮ್ಮ ಮನೆಗಳ ಒಳಗೆ ಬಂದಿದೆ. 1954ರಲ್ಲಿ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು, ಒಂದು ಧರ್ಮಕ್ಕೆ ಅವಶ್ಯವಾದ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ನಿರ್ಧರಿಸಬೇಕೆಂದಿದ್ದರು. ಗಜೇಂದ್ರಗಡಕರರು ಇದಕ್ಕೆ ಇನ್ನೊಂದು ತಿರುವು ಕೊಟ್ಟರು. 1961ರ ಅಜಮೇರ ದರ್ಗಾ ಪ್ರಕರಣದಲ್ಲಿ ಅವರು, ಮೂಢನಂಬಿಕೆಯಿಂದ ಹುಟ್ಟಿ ಧರ್ಮಕ್ಕೆ ಹೊರಗಿನಿಂದ ಅಂಟಿಕೊಂಡ ಆಚರಣೆಗಳಿಗೆ ಸಂವಿಧಾನದ ರಕ್ಷಣೆಯಿಲ್ಲವೆಂಬ ಎಚ್ಚರಿಕೆಯ ಮಾತನ್ನು ಸೇರಿಸಿದರು. 1963ರ ನಾಥದ್ವಾರ ಪ್ರಕರಣದಲ್ಲಿ, ಯಾವುದು ಅವಶ್ಯ ಆಚರಣೆಯೆಂಬ ಬಗ್ಗೆ ಭಕ್ತಸಮುದಾಯದ ಮಾತೇ ಕೊನೆಯಲ್ಲ, ನ್ಯಾಯಾಲಯವು ಪರೀಕ್ಷಿಸಬೇಕು ಎಂದರು. ವಲ್ಲಭ ಸಂಪ್ರದಾಯದ ಗ್ರಂಥಗಳನ್ನು ಅವರು ಮೂಲದಲ್ಲಿಯೇ ಓದಬಲ್ಲವರು. ಆದರೆ ಅವರಂಥ ಶಾಸ್ತ್ರಜ್ಞರು ಪ್ರತಿ ಪೀಠದಲ್ಲಿಯೂ ಇರುವುದುಂಟೆ? ತಕ್ಕಡಿಯನ್ನು ಮುಂದಿನವರ ಕೈಗೆ ಕೊಡುವಾಗ ತೂಗುವವನ ಕೈಗುಣವನ್ನೂ ಕೊಡಲು ಬರುವುದಿಲ್ಲ.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರಾ ವ್ರತವು ಜೈನ ಧರ್ಮದ ಅವಶ್ಯ ಆಚರಣೆಯೆಂದು ಸಿದ್ಧವಾಗಿಲ್ಲ ಎಂದು ತೀರ್ಪಿತ್ತು, ಅದನ್ನು ಆತ್ಮಹತ್ಯೆಯಂತೆ ಕಾಣಬೇಕೆಂದು ನಿರ್ದೇಶಿಸಿದಾಗ, ದೇಶದ ಜೈನರೆಲ್ಲ ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳನ್ನು ಕಂಡ ಯಾವ ಕನ್ನಡಿಗನಿಗೂ ಸಲ್ಲೇಖನವು ನಮ್ಮಲ್ಲಿ ಹೊರಗಿನಿಂದ ಅಂಟಿದ್ದೆಂದು ತೋರಲಾರದು. ಆಚಾರ್ಯ ಶಾಂತಿಸಾಗರ ಮಹಾರಾಜರೇ 1955ರ ಸೆಪ್ಟೆಂಬರದಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನಪೂರ್ವಕ ದೇಹತ್ಯಾಗ ಮಾಡಿದರು. ರಾಜಸ್ಥಾನದ ತೀರ್ಪಿನಲ್ಲಿ ಬಳಕೆಯಾದ ಅಳತೆಗೋಲು ಗಜೇಂದ್ರಗಡಕರರು ಬಿಗಿಗೊಳಿಸಿದ ಅಳತೆಗೋಲೇ. 1951ರಲ್ಲಿ ನಮ್ಮ ಪ್ರತ್ಯೇಕತೆಯನ್ನು ಕಾಪಾಡಿದ ಪೀಠದಲ್ಲಿ ಕುಳಿತವರ ಲೇಖನಿಯಿಂದಲೇ ಅದೂ ಬಂದಿದೆ.

ಕೊನೆಯ ದೊಡ್ಡ ತೀರ್ಪು 1966ರ ಜನವರಿ 14ರದು. ಅಹಮದಾಬಾದಿನ ಸ್ವಾಮಿನಾರಾಯಣ ಮಂದಿರವನ್ನು ಮೂಲದಾಸ ವೈಶ್ಯರ ನೇತೃತ್ವದಲ್ಲಿ ದಲಿತರು ಪ್ರವೇಶಿಸಲಿರುವರೆಂಬ ಸುದ್ದಿ ತಿಳಿದು ಸತ್ಸಂಗಿಗಳು 1948ರ ಜನವರಿಯಲ್ಲಿ ದಾವೆ ಹೂಡಿದ್ದರು. ತಮ್ಮದು ಹಿಂದೂ ಧರ್ಮಕ್ಕಿಂತ ಬೇರೆಯಾದ ಸಂಪ್ರದಾಯ, ಆದ್ದರಿಂದ ಕಾಯಿದೆ ತಮಗೆ ತಾಗದು ಎಂಬುದು ಅವರ ವಾದ. ಅಕಲೂಜದ ತರ್ಕವನ್ನೇ ಅವರೂ ಹಿಡಿದು ಹೊರಟಂತೆ ಕಾಣುತ್ತದೆ. ದಾವೆ 18 ವರ್ಷ ನಡೆದು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಬಂದಿತು. ವೇದಗಳಲ್ಲಿ ಗೌರವ, ಮುಕ್ತಿಮಾರ್ಗಗಳು ಹಲವೆಂಬ ಅರಿವು, ಉಪಾಸ್ಯ ದೇವತೆಗಳು ಇಷ್ಟೇ ಎಂಬ ಕಟ್ಟಿಲ್ಲದಿರುವುದು ಎಂಬ ಲೋಕಮಾನ್ಯ ಟಿಳಕರ ಸೂತ್ರವನ್ನು ಹಿಡಿದು, ಗಜೇಂದ್ರಗಡಕರರು ಸತ್ಸಂಗಿಗಳು ಹಿಂದೂಗಳೇ ಎಂದು ನಿರ್ಣಯಿಸಿದರು. ದಾವೆಯು ಮೂಢನಂಬಿಕೆ ಮತ್ತು ಅಜ್ಞಾನದಿಂದಲೂ, ಸ್ವಾಮಿನಾರಾಯಣರ ಬೋಧೆಯ ತಪ್ಪು ತಿಳಿವಳಿಕೆಯಿಂದಲೂ ಹುಟ್ಟಿದ್ದೆಂದು ಕಟುವಾಗಿಯೇ ಬರೆದರು.

ಆ ತೀರ್ಪಿನಲ್ಲಿ ಸುಧಾರಕರ ಮತ್ತು ಸಂತರ ಪರಂಪರೆಯನ್ನು ಹೇಳುತ್ತ ಅವರು ಬುದ್ಧ, ಬಸವ, ನಾನಕರ ಸಾಲಿನಲ್ಲಿ ಭಗವಾನ್ ಮಹಾವೀರರನ್ನೂ ಇರಿಸಿ, ಜೈನ ಧರ್ಮದ ಸ್ಥಾಪಕರೆಂದು ಕರೆದಿದ್ದಾರೆ. ಮಹಾವೀರರು ಇಪ್ಪತ್ತನಾಲ್ಕನೆಯ ತೀರ್ಥಂಕರರೆಂಬುದನ್ನೂ, ಅವರಿಗಿಂತ ಹಿಂದೆ ಪಾರ್ಶ್ವನಾಥರ ಸಂಘವಿದ್ದುದನ್ನು ಇತಿಹಾಸಕಾರರೂ ಒಪ್ಪುವರೆಂಬುದನ್ನೂ ಇಲ್ಲಿ ಹೇಳಬೇಕಾಗಿಲ್ಲ. ವೇದಪ್ರಾಮಾಣ್ಯವನ್ನು ಒಪ್ಪದ ಜೈನರಿಗೆ ಟಿಳಕರ ಸೂತ್ರದ ಮೊದಲ ಅಂಗವೇ ಹೊಂದುವುದಿಲ್ಲ. ಅಷ್ಟು ದೊಡ್ಡ ವಿದ್ವಾಂಸರಲ್ಲಿ ಈ ಮಾತು ಬಂದದ್ದು ವಿಷಾದಕರ. ಆದರೆ ಮೊಕದ್ದಮೆಯಲ್ಲಿ ಜೈನರು ಕಕ್ಷಿದಾರರಾಗಿರಲಿಲ್ಲ. ತಿದ್ದುವವರು ಯಾರೂ ಎದುರಿಗಿರಲಿಲ್ಲ. ಕಾಗದದಲ್ಲಿ ಇಲ್ಲದ್ದು ಅಪೀಲು ನ್ಯಾಯಾಧೀಶನ ಕೈಗೆ ಸಿಗುವುದಿಲ್ಲವೆಂದು ಮೇಲೆ ಹೇಳಿದ್ದು ಇದಕ್ಕೇ.

ನಮ್ಮ ವಿಶ್ವಸ್ತ ಮಂಡಳಿಗಳು ಗಮನಿಸಬೇಕಾದ ವಿಷಯ ಬೇರೊಂದಿದೆ. 1951ರ ತೀರ್ಪಿನ ಆಧಾರವಾಗಿದ್ದ ಕಾನೂನು ಬಹುಕಾಲ ಉಳಿಯಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಪೂಜಾಸ್ಥಳಗಳ ಪ್ರವೇಶದ ಮಟ್ಟಿಗೆ ಬೌದ್ಧ, ಸಿಖ್ಖ, ಜೈನ ಧರ್ಮೀಯರನ್ನು ಹಿಂದೂಗಳೆಂದೇ ಭಾವಿಸತಕ್ಕದ್ದೆಂದು ಸ್ಪಷ್ಟವಾಗಿ ವಿಧಿಸಿತು. 1956ರಲ್ಲಿ ಮುಂಬಯಿ ರಾಜ್ಯವು 1947ರ ಕಾಯಿದೆಗೆ ಬದಲಾಗಿ ಮಾಡಿದ ಹೊಸ ಕಾಯಿದೆಯಲ್ಲಿ ಜೈನರ ಪೂಜಾಸ್ಥಳಗಳನ್ನು ಹೆಸರಿಸಿಯೇ ಸೇರಿಸಲಾಯಿತು. ಅಸ್ಪೃಶ್ಯತೆಯ ನೆಪದಲ್ಲಿ ಯಾರನ್ನಾದರೂ ಬಾಗಿಲಲ್ಲಿ ತಡೆಯುವುದು ಅಂದಿನಿಂದ ಅಪರಾಧವೇ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಸಾರಿತು. ಇದರಿಂದ ನಮ್ಮ ಸಂಸ್ಥೆಗಳಿಗೆ ಅನುಕೂಲಗಳಾಗಿವೆ, ಪ್ರತ್ಯೇಕತೆಗೆ ಮನ್ನಣೆ ದೊರೆತಿದೆ. ಆ ಮನ್ನಣೆಯು ಅಸ್ಪೃಶ್ಯತೆಯ ಅಪರಾಧಕ್ಕೆ ರಿಯಾಯಿತಿ ಕೊಡುವುದಿಲ್ಲ. ಹೀಗಿದ್ದೂ ಹಳೆಯ ತೀರ್ಪನ್ನು ಇಂದಿಗೂ ಗುರಾಣಿಯಂತೆ ಹಿಡಿದು ಮಾತನಾಡುವ ವಿಶ್ವಸ್ತರನ್ನು ನಾನು ಕಂಡಿದ್ದೇನೆ. ಮುದ್ದತು ಮುಗಿದ ಹುಂಡಿಯನ್ನು ತೋರಿಸಿ ಹಣ ಕೇಳಿದಂತಾಗುತ್ತದೆ ಅದು.

ಕಾನೂನಿನ ಮಾತು ಒತ್ತಟ್ಟಿಗಿರಲಿ. ತೀರ್ಥಂಕರರ ಸಮವಸರಣದಲ್ಲಿ ದೇವ, ಮನುಷ್ಯ, ತಿರ್ಯಂಚರೆಲ್ಲರಿಗೂ ಸ್ಥಾನವಿದೆಯೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಸಿಂಹವೂ ಹಸುವೂ ಒತ್ತೊತ್ತಾಗಿ ಕುಳಿತ ಚಿತ್ರಗಳನ್ನು ಬಸದಿಯ ಗೋಡೆಗಳ ಮೇಲೆ ಬರೆಯಿಸುತ್ತೇವೆ. ಬಸದಿಯು ಆ ಸಮವಸರಣದ ಪ್ರತಿರೂಪವೆನ್ನುತ್ತೇವೆ. ಶುಚಿತ್ವ, ಆಹಾರನಿಯಮ, ಚರ್ಮದ ವಸ್ತುಗಳ ವರ್ಜನೆ ಇವು ಬರುವವರೆಲ್ಲರಿಗೂ ಸಮಾನವಾದ ನಿಯಮಗಳಾಗಿರಬಹುದು, ಇರಲೂ ಬೇಕು. ಹುಟ್ಟನ್ನು ನೋಡಿ ನಿಲ್ಲಿಸುವ ನಿಯಮಕ್ಕೆ ಯಾವ ಆಗಮದ ಆಧಾರವಿದೆಯೆಂದು ಪಂಡಿತರು ತೋರಿಸಿಕೊಡಲಿ. ಆಚಾರ್ಯಶ್ರೀಯವರ ವ್ರತವು ಧರ್ಮದ ಸ್ವಾತಂತ್ರ್ಯಕ್ಕಾಗಿ ನಡೆದದ್ದು. ಅವರ ಮಹಾತ್ಯಾಗವನ್ನು ಬಾಗಿಲ ಬೀಗದ ಅಳತೆಗೆ ಇಳಿಸುವುದು ಅವರಿಗೆ ಮಾಡುವ ಗೌರವವಲ್ಲವೆಂದೇ ನನ್ನ ನಂಬಿಕೆ.

1966ರ ಮಾರ್ಚ್ 15ರಂದು ಗಜೇಂದ್ರಗಡಕರರು ನಿವೃತ್ತರಾದರು. ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾಗಿ 1971ರ ವರೆಗೆ ಕೆಲಸ ಮಾಡಿದರು. 1972ರಲ್ಲಿ ಪದ್ಮವಿಭೂಷಣ ಬಂದಿತು. 1971ರಿಂದ 1977ರ ವರೆಗೆ ಕೇಂದ್ರದ ಕಾನೂನು ಆಯೋಗದ ಅಧ್ಯಕ್ಷರಾಗಿದ್ದರು. ಆ ಅವಧಿಯ ಒಂದು ವರದಿ ಹಳ್ಳಿಗಾಡಿನ ಕಕ್ಷಿದಾರರ ಮಟ್ಟಿಗೆ ಅವರ ಎಲ್ಲ ತೀರ್ಪುಗಳಿಗಿಂತ ಹೆಚ್ಚು ಪರಿಣಾಮ ಉಂಟುಮಾಡಿದೆ. ದಿವಾಣಿ ಪ್ರಕ್ರಿಯಾ ಸಂಹಿತೆಯನ್ನು ಕುರಿತ 1973ರ 54ನೆಯ ವರದಿಯಲ್ಲಿ ಆಯೋಗವು ಎರಡನೆಯ ಅಪೀಲಿನ ಬಾಗಿಲನ್ನು ಕಿರಿದುಗೊಳಿಸಬೇಕೆಂದು ಶಿಫಾರಸು ಮಾಡಿತು. ಅದರಂತೆ 1976ರಲ್ಲಿ ಸಂಹಿತೆ ತಿದ್ದುಪಡಿಯಾಗಿ, ಕಾನೂನಿನ ಮಹತ್ವದ ಪ್ರಶ್ನೆಯಿದ್ದಲ್ಲಿ ಮಾತ್ರ ಹೈಕೋರ್ಟು ಎರಡನೆಯ ಅಪೀಲನ್ನು ಕೇಳತಕ್ಕದ್ದೆಂದಾಯಿತು. ಹತ್ತೊಂಬತ್ತು ವರ್ಷ ಯಾವ ಅಪೀಲು ವಿಭಾಗದಲ್ಲಿ ವಕೀಲಿ ಮಾಡಿ ಮೇಲೆ ಬಂದರೋ, ಅದರ ದಾರಿಯನ್ನೇ ಅವರು ಬಿಗಿಗೊಳಿಸಿದರು. ತಂದೆ ಹೂಡಿದ ಬದುವಿನ ದಾವೆ ಮಗನ ಕಾಲಕ್ಕೂ ಮುಗಿಯದೆ ಎರಡೂ ಮನೆಗಳು ಹಾಳಾದುದನ್ನು ಕಂಡವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ. ಜಿಲ್ಲಾ ಕೋರ್ಟಿನಲ್ಲಿ ಸಂಗತಿಯ ವಿಷಯದಲ್ಲಿ ತಪ್ಪು ತೀರ್ಪಾದ ಬಡ ರೈತನಿಗೆ ಅದರಿಂದ ನಷ್ಟವಾಗಿರುವುದೂ ಉಂಟು.

ಅವರು 1981ರ ಜೂನ್ 12ರಂದು ಕಾಲವಾದರು. ಆತ್ಮಕಥನವು 1983ರಲ್ಲಿ ಭಾರತೀಯ ವಿದ್ಯಾಭವನದಿಂದ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 2008ರ ಜುಲೈಯಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಖಾಯಂ ಪೀಠವಾಯಿತು. ನವಲಗುಂದ, ಗಜೇಂದ್ರಗಡಗಳ ಅಪೀಲುಗಳು ಈಗ ಅಲ್ಲಿಯೇ ವಿಚಾರಣೆಯಾಗುತ್ತವೆ. ಬೆಳಗಿನ ಬಸ್ಸು ಹಿಡಿದವರು ಸಂಜೆಗೆ ಮನೆಗೆ ಮರಳುತ್ತಾರೆ.